ಐದು ಪದರ, ನಾಲ್ಕು ಅಂಟುಗೆರೆ: ಟೈಟನ್ ಮುಳುಗುನೌಕೆಯ ಕಾರ್ಬನ್ ಒಡಲು ಬಿಟ್ಟುಕೊಂಡ ಬಗೆ

2022ರ ಜುಲೈ 15ರಂದು ಟೈಟಾನಿಕ್ ಅವಶೇಷದ ಬಳಿ ಹೋಗಿ ಮೇಲೆ ಬರುತ್ತಿದ್ದ ಟೈಟನ್ ಮುಳುಗುನೌಕೆಯಲ್ಲಿ ದೊಡ್ಡದೊಂದು ಸದ್ದಾಯಿತು. ಅದು ಆ ನೌಕೆಯ 80ನೇ ಮುಳುಗು. ಸದ್ದು ಬಂದದ್ದು ಸಮುದ್ರದ ತಳದಲ್ಲಲ್ಲ, ಒತ್ತಡವೆಲ್ಲ ಇಳಿದು ನೀರಿನ ಮೇಲ್ಮೈ ಹತ್ತಿರ ಬಂದಾಗ. ಒಡಲು ತನ್ನ ಲೋಹದ ಚೌಕಟ್ಟಿನಲ್ಲಿ ಸರಿದು ಕೂತ ಸದ್ದು ಅದು ಎಂದುಕೊಂಡು ಓಷನ್‌ಗೇಟ್ ಸಂಸ್ಥೆ ನೌಕೆಯನ್ನು ಮತ್ತೆ ನೀರಿಗಿಳಿಸಿತು. ಹನ್ನೊಂದು ತಿಂಗಳ ನಂತರ, 2023ರ ಜೂನ್ 18ರಂದು, 88ನೇ ಮುಳುಗಿನಲ್ಲಿ, ಸುಮಾರು 3,350 ಮೀಟರ್ ಆಳದಲ್ಲಿ ಒಡಲು ಒಳಕ್ಕೆ ಕುಸಿಯಿತು. ಸಂಸ್ಥೆಯ ಸಹಸ್ಥಾಪಕ ಸ್ಟಾಕ್ಟನ್ ರಶ್ ಸೇರಿ ಒಳಗಿದ್ದ ಐವರೂ ಸತ್ತರು. ಅವರಲ್ಲಿ ಒಬ್ಬ ಹುಡುಗನಿಗೆ ಹತ್ತೊಂಬತ್ತೇ ವರ್ಷ.

ಅಮೆರಿಕದ ಕರಾವಳಿ ರಕ್ಷಣಾ ಪಡೆಯ ವರದಿ 2025ರ ಆಗಸ್ಟ್‌ನಲ್ಲಿ ಬಂತು, ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ವರದಿ ಅದೇ ಅಕ್ಟೋಬರ್‌ನಲ್ಲಿ. ಎರಡರ ನಂತರವೂ "ಕಾರ್ಬನ್ ಫೈಬರ್ ಸಮುದ್ರಕ್ಕೆ ಆಗಿಬರುವುದಿಲ್ಲ" ಎಂಬ ಮಾತೇ ಹೆಚ್ಚು ಓಡಾಡುತ್ತಿದೆ. ಇದು ಅರ್ಧ ಸತ್ಯವೂ ಅಲ್ಲ. 1980ರ ದಶಕದಲ್ಲೇ ಅಮೆರಿಕದ ನೌಕಾಪಡೆ 6,000 ಮೀಟರ್ ಆಳಕ್ಕೆಂದು ಮಾನವರಹಿತ ಶೋಧನೌಕೆಯೊಂದನ್ನು ಗ್ರಾಫೈಟ್–ಎಪಾಕ್ಸಿ (ಕಾರ್ಬನ್ ನಾರು, ಅದನ್ನು ಹಿಡಿದಿಡುವ ಎಪಾಕ್ಸಿ ರಾಳ) ಒಡಲಿನಲ್ಲಿ ಕಟ್ಟಿ ಓಡಿಸಿತ್ತು. ಟೈಟನ್‌ನಲ್ಲಿ ಸೋತದ್ದು ನಾರಲ್ಲ. ಪದರಕ್ಕೂ ಪದರಕ್ಕೂ ನಡುವೆ ನಡೆದ ಕೆಲಸ ಸೋತಿತು, ಸೋತ ಮೇಲೆ ಉಪಕರಣಗಳು ಕೊಟ್ಟ ಸುಳಿವನ್ನು ಓದುವವರಿರಲಿಲ್ಲ. ದಪ್ಪ ಲ್ಯಾಮಿನೇಟ್ (ನಾರಿನ ಹಾಳೆಗಳನ್ನು ರಾಳದಿಂದ ಒಂದಾಗಿಸಿದ ವಸ್ತು) ಮಾಡುವ ಯಾರೇ ಆದರೂ ಈ ಪ್ರಕರಣವನ್ನು ಪ್ಲೈ (ಅಂದರೆ ಒಂದೊಂದು ಹಾಳೆ) ಲೆಕ್ಕದಲ್ಲಿ ಬಿಡಿಸಿ ನೋಡಬೇಕು.

ಒಡಲು ಮತ್ತು ಅದರ ಮೇಲಿನ ಹೊರೆ

ಒಡಲೆಂದರೆ ಒಂದು ದಪ್ಪ ಕೊಳವೆ. ಒಳವ್ಯಾಸ 1.42 ಮೀಟರ್, ಉದ್ದ ಸುಮಾರು ಎರಡೂವರೆ ಮೀಟರ್, ಗೋಡೆಯ ದಪ್ಪ 127 ಮಿ.ಮೀ., ಅಂದರೆ ಐದಂಗುಲ. ಎರಡು ತುದಿಗೂ ಟೈಟಾನಿಯಂ ಬಳೆ ಅಂಟಿಸಿ, ಅವಕ್ಕೆ ಟೈಟಾನಿಯಂನ ಅರ್ಧಗೋಳ ಮುಚ್ಚಳ ಕೂರಿಸಲಾಗಿತ್ತು. ಈ ಅಳತೆಯ ಮೊದಲ ಒಡಲು 2017ರಲ್ಲಿ ತಯಾರಾಗಿ, 2018ರ ಡಿಸೆಂಬರ್‌ನಲ್ಲಿ 3,900 ಮೀಟರಿಗೂ ಕೆಳಗೆ ಹೋಗಿಬಂತು. 2019ರ ಏಪ್ರಿಲ್‌ನ ಮುಳುಗಿನಲ್ಲಿ ಒಳಗಿದ್ದವರಿಗೆ ದಾರಿಯುದ್ದಕ್ಕೂ ಚಟಪಟ ಸದ್ದು ಕೇಳಿಸಿತ್ತು. ಆಮೇಲೆ ನೋಡಿದರೆ ಬಿರುಕು ಬಿಟ್ಟಿತ್ತು. ಆ ಒಡಲನ್ನು ಕೈಬಿಟ್ಟು ಎರಡನೆಯದನ್ನು ಮಾಡಿಸಿದರು. ಟೈಟಾನಿಯಂ ಭಾಗಗಳು ಮಾತ್ರ ಹಳೆಯವೇ. ಕುಸಿದದ್ದು ಈ ಎರಡನೆಯ ಒಡಲು, ನಾವು ನೋಡಬೇಕಾದದ್ದೂ ಇದನ್ನೇ.

ಟೈಟಾನಿಕ್ ಬಿದ್ದಿರುವ 3,800 ಮೀಟರ್ ಆಳದಲ್ಲಿ ನೀರಿನ ಒತ್ತಡ ಸುಮಾರು 38 ಮೆಗಾಪಾಸ್ಕಲ್ (ಒಂದು ಮೆಗಾಪಾಸ್ಕಲ್ ಎಂದರೆ ಗಾಳಿಯ ಒತ್ತಡದ ಸುಮಾರು ಹತ್ತು ಪಟ್ಟು). ಅಲ್ಲಿ ಕೊಳವೆಯ ಗೋಡೆಯಲ್ಲಿ ಸುತ್ತಳತೆಯ ದಿಕ್ಕಿಗೆ ಬರುವ ಸರಾಸರಿ ಅದುಮೊತ್ತಡವನ್ನು ಕೈಯಲ್ಲೇ ಲೆಕ್ಕ ಹಾಕಬಹುದು. ಹೊರತ್ರಿಜ್ಯ 838 ಮಿ.ಮೀ., ದಪ್ಪ 127, 38.4ನ್ನು 838ರಿಂದ ಗುಣಿಸಿ 127ರಿಂದ ಭಾಗಿಸಿದರೆ 253 ಮೆಗಾಪಾಸ್ಕಲ್. ಉದ್ದದ ದಿಕ್ಕಿಗೆ ಇದರ ಅರ್ಧಕ್ಕಿಂತ ತುಸು ಹೆಚ್ಚು, ಸುಮಾರು 137. ಒಳ್ಳೆಯ ಕಾರ್ಬನ್–ಎಪಾಕ್ಸಿ ಪ್ರೆಪ್ರೆಗ್ (ಮೊದಲೇ ರಾಳ ಹೀರಿಸಿದ ನಾರಿನ ಹಾಳೆ) ನಾರಿನ ದಿಕ್ಕಿನಲ್ಲಿ ಸಾವಿರ ಮೆಗಾಪಾಸ್ಕಲ್‌ಗೂ ಮೇಲಿನ ಅದುಮೊತ್ತಡ ತಡೆಯುತ್ತದೆ. ಮೂರರಲ್ಲಿ ಎರಡು ಪಾಲು ನಾರು ಸುತ್ತಳತೆಗೆ, ಒಂದು ಪಾಲು ಉದ್ದಕ್ಕೆ ಹಾಕಿದರೂ ಸುತ್ತುನಾರಿನ ಮೇಲೆ ಬೀಳುವುದು 380ರ ಆಸುಪಾಸು. ಕಾಗದದ ಮೇಲೆ ಎರಡೂವರೆ ಪಟ್ಟು ಭದ್ರತೆ.

ಕಾಗದದ ಲೆಕ್ಕ ಇಷ್ಟು ಚೆನ್ನಾಗಿ ಕಾಣುವುದೇ ಅಪಾಯ. ಅದು ನಂಬಿಕೊಂಡಿರುವುದು ಎರಡು ಮಾತನ್ನು: ನಾರು ನೆಟ್ಟಗಿದೆ, ಮತ್ತು ಐದಂಗುಲವೂ ಒಂದೇ ಗಟ್ಟಿಯಾಗಿ ಕೆಲಸ ಮಾಡುತ್ತಿದೆ. ಟೈಟನ್‌ನಲ್ಲಿ ಎರಡೂ ಸುಳ್ಳಾಗಿದ್ದವು.

ಐದು ಸಲ ಬೇಯಿಸಿದ್ದು ಏಕೆ

ಐದಂಗುಲ ಗೋಡೆಯನ್ನು ಒಂದೇ ಏಟಿಗೆ ಕ್ಯೂರ್ ಮಾಡದೆ (ಬಿಸಿಯಲ್ಲಿ ರಾಳ ಗಟ್ಟಿಯಾಗಿಸದೆ) ಒಂದೊಂದಂಗುಲದ ಐದು ಪದರವಾಗಿ ಮಾಡಿದರು. ಒಂದು ಪದರ ಲೇಅಪ್ ಮಾಡಿ (ಹಾಳೆಯ ಮೇಲೆ ಹಾಳೆ ಹಾಕಿ) ಆಟೋಕ್ಲೇವ್ ಎಂಬ ಒತ್ತಡದ ಬಿಸಿಗೂಡಿನಲ್ಲಿ ಕ್ಯೂರ್ ಮಾಡುವುದು, ಅದರ ಮೇಲ್ಮೈಯ ಉಬ್ಬುತಗ್ಗು ಉಜ್ಜುವುದು, ಅಂಟಿನ ಹಾಳೆ ಸುತ್ತುವುದು, ಅದರ ಮೇಲೆ ಮುಂದಿನ ಅಂಗುಲದ ಪ್ರೆಪ್ರೆಗ್ ಹಾಕಿ ಮತ್ತೆ ಕ್ಯೂರ್. ಹೀಗೆ ಐದು ಸುತ್ತು. ಪ್ಲೈ ಒಂದರ ದಪ್ಪ ಸುಮಾರು 0.19 ಮಿ.ಮೀ. ಎಂದು ಹಿಡಿದರೆ ಅಂಗುಲಕ್ಕೆ ನೂರಮೂವತ್ತರಷ್ಟು, ಒಟ್ಟು ಆರುನೂರಕ್ಕೂ ಹೆಚ್ಚು ಪ್ಲೈ.

ಹಂತಹಂತವಾಗಿ ಮಾಡುವ ತೀರ್ಮಾನ ತಪ್ಪಲ್ಲ. ಅದಕ್ಕೆ ಗಟ್ಟಿ ಕಾರಣವಿದೆ. ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಶಾಖ ಬಿಡುತ್ತದೆ, ಲ್ಯಾಮಿನೇಟಿನ ದಪ್ಪದ ದಿಕ್ಕಿಗೆ ಆ ಶಾಖ ಹೊರಹೋಗುವುದು ಬಹಳ ನಿಧಾನ. ಶಾಖ ದಾಟಲು ಬೇಕಾದ ಹೊತ್ತು ದಪ್ಪದ ವರ್ಗಕ್ಕೆ ಅನುಗುಣ. ಕಾರ್ಬನ್–ಎಪಾಕ್ಸಿಗೆ ದಪ್ಪದ ದಿಕ್ಕಿನ ಉಷ್ಣ ಪ್ರಸರಣ ಸೆಕೆಂಡಿಗೆ 0.4 ಚದರ ಮಿ.ಮೀ. ಎಂದುಕೊಳ್ಳಿ: 25 ಮಿ.ಮೀ.ಗೆ 26 ನಿಮಿಷ ಆಗುವುದು 127 ಮಿ.ಮೀ.ಗೆ 11 ಗಂಟೆಯಾಗುತ್ತದೆ. ಹೊರಮೈ ತಣ್ಣಗಿದ್ದಾಗಲೇ ನಡುವಿನ ರಾಳ ಕುದಿದು ಸೀದುಹೋಗಬಹುದು, ಇಲ್ಲವೇ ಒಳಗಡೆ ಮೊದಲು ಗಟ್ಟಿಯಾಗಿ ಹೊರಗಡೆ ಆಮೇಲೆ ಕುಗ್ಗಿ ಒಳಒತ್ತಡ ಉಳಿಯಬಹುದು. ಆದ್ದರಿಂದ ಪದರ ಪದರವಾಗಿ ಮಾಡುವುದು ಒಪ್ಪಿದ ದಾರಿಯೇ. ಆದರೆ ಈ ದಾರಿ ಹಿಡಿದ ಕ್ಷಣವೇ ಒಡಲಿನೊಳಗೆ ನಾಲ್ಕು ಅಂಟುಗೆರೆ ಹುಟ್ಟಿದವು. ಶಾಖದ ತೊಂದರೆಯನ್ನು ಕೊಟ್ಟು ಅಂಟಿನ ತೊಂದರೆಯನ್ನು ಕೊಂಡ ಹಾಗೆ. ಕೊಂಡ ಮೇಲೆ ಆ ನಾಲ್ಕು ಗೆರೆಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕಿತ್ತು.

ಸುಕ್ಕು ಎಲ್ಲಿಂದ ಬಂತು

ತುದಿಗಳನ್ನು ಅಳತೆಗೆ ಕೊಯ್ದಾಗ ಉಳಿದ ಬಳೆಯಂಥ ತುಂಡುಗಳು ತನಿಖೆಗೆ ಸಿಕ್ಕವು. ಈ ಪ್ರಕರಣದ ಅತಿ ಬೆಲೆಬಾಳುವ ಸಾಕ್ಷಿ ಇವೇ. ಮುಳುಗಿ ಬಂದದ್ದಲ್ಲ, ಒಡೆದದ್ದಲ್ಲ. ಕಾರ್ಖಾನೆಯಿಂದ ಹೊರಬಂದಾಗ ಒಡಲು ಹೇಗಿತ್ತೋ ಹಾಗೇ ತೋರಿಸುವ ತುಂಡುಗಳು. ಅಡ್ಡಗೊಯ್ಲು ಮಾಡಿ ಪಾಲಿಶ್ ಹಾಕಿ ನೋಡಿದಾಗ ಐದು ಪಟ್ಟಿಗಳು ಬಾಳೆದಿಂಡಿನ ಹೊಪ್ಪಳೆಗಳಂತೆ ಒಂದರ ಮೇಲೊಂದು ಕೂತಿದ್ದವು. ನಡುವೆ ಅಂಟಿನ ಗೆರೆ. ಐದರಲ್ಲಿ ನಾಲ್ಕು ಪದರಗಳಲ್ಲಿ ಪ್ಲೈಗಳು ನೆಟ್ಟಗಿರದೆ ಅಲೆಅಲೆಯಾಗಿದ್ದವು. ಒಳಗಿನಿಂದ ಹೊರಕ್ಕೆ ಹೋದಂತೆ ಸುಕ್ಕು ಹೆಚ್ಚುತ್ತಾ ಹೋಗಿತ್ತು. ಪದರಗಳೊಳಗೆ ಸೂಕ್ಷ್ಮರಂಧ್ರ, ಅಂಟುಗೆರೆಯಲ್ಲಿ ಗಾಳಿಗುಳ್ಳೆ.

ದುಂಡನೆಯ ಮೈಮೇಲೆ ದಪ್ಪಗೆ ಪ್ರೆಪ್ರೆಗ್ ಹಾಕಿದರೆ ಸುಕ್ಕು ಏಕೆ ಬರುತ್ತದೆಂಬುದು ಸರಳ ಲೆಕ್ಕ. ಕ್ಯೂರ್ ಆಗದ ಪ್ರೆಪ್ರೆಗ್ ರಾಶಿ ಕೊನೆಯ ದಪ್ಪಕ್ಕಿಂತ ಉಬ್ಬಿಕೊಂಡಿರುತ್ತದೆ. 25 ಮಿ.ಮೀ. ರಾಶಿ ಆಟೋಕ್ಲೇವ್‌ನ ಒತ್ತಡಕ್ಕೆ ಶೇ. 5ರಷ್ಟು ಅಮುಕಿಕೊಂಡರೂ ಹೊರಗಿನ ಪ್ಲೈ 1.25 ಮಿ.ಮೀ. ಒಳಕ್ಕೆ ಸರಿಯಬೇಕು. ತ್ರಿಜ್ಯ ಅಷ್ಟು ಕಡಿಮೆಯಾದರೆ ಸುತ್ತಳತೆ ಸುಮಾರು 8 ಮಿ.ಮೀ. ಕಡಿಮೆಯಾಗುತ್ತದೆ. ನಾರು ಕುಗ್ಗುವ ವಸ್ತುವಲ್ಲ. ಆ 8 ಮಿ.ಮೀ. ಎಲ್ಲಿಗಾದರೂ ಹೋಗಲೇಬೇಕು, ನೆರಿಗೆಯಾಗಿ ಎದ್ದು ನಿಲ್ಲುತ್ತದೆ.

ಇದನ್ನು ತಡೆಯುವ ಕ್ರಮ ಲೇಅಪ್ ಕೋಣೆಯಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತು: ಮೂರರಿಂದ ಐದು ಪ್ಲೈ ಹಾಕಿದ ಕೂಡಲೇ ವ್ಯಾಕ್ಯೂಮ್ ಬ್ಯಾಗ್ ಹಾಕಿ ಹದಿನೈದು ನಿಮಿಷವಾದರೂ ಡೀಬಲ್ಕ್ ಮಾಡುವುದು, ಅಂದರೆ ಗಾಳಿ ಎಳೆದು ರಾಶಿಯನ್ನು ಅಮುಕುವುದು. ದಪ್ಪ ಕೆಲಸದಲ್ಲಿ ಆಗೀಗ 60–70 ಡಿಗ್ರಿ ಬಿಸಿ ಕೊಟ್ಟು ಮಾಡುವ ಬಿಸಿ ಡೀಬಲ್ಕ್ ಕೂಡ ಬೇಕು. ಸುತ್ತುವಾಗ ಟೇಪಿಗೆ ಒಂದೇ ಹದದ ಎಳೆತ ಇರಬೇಕು. ನಮ್ಮ ಬೆಂಗಳೂರಿನ ವೈಮಾನಿಕ ಕೆಲಸದಲ್ಲಿ, ತೇಜಸ್ ರೆಕ್ಕೆಯ ಹೊದಿಕೆಯಂಥ ಭಾಗಗಳಲ್ಲಿ, ಮಾತು ಮಿಲಿಮೀಟರುಗಳದು, ಮೈಯೂ ಬಹುಪಾಲು ಚಪ್ಪಟೆ. ಅಲ್ಲಿ ಒಂದು ಡೀಬಲ್ಕ್ ತಪ್ಪಿದರೆ ಅಷ್ಟಾಗಿ ಕಾಣಿಸದೆ ಹೋಗಬಹುದು. ಮುಚ್ಚಿದ ದುಂಡು ಮೈಮೇಲೆ ನೂರಮೂವತ್ತು ಪ್ಲೈ ಹಾಕುವಾಗ ತಪ್ಪಿದ ಪ್ರತಿಯೊಂದು ಡೀಬಲ್ಕ್ ಲೆಕ್ಕಕ್ಕೆ ಬರುತ್ತದೆ. ಕೆಳಗಿನ ಪದರದ ಉಬ್ಬು ಮೇಲಿನದಕ್ಕೆ ಅಚ್ಚಾಗುವುದರಿಂದ ಸುಕ್ಕು ಪದರದಿಂದ ಪದರಕ್ಕೆ ದೊಡ್ಡದಾಗುತ್ತಾ ಹೋಗುವುದೂ ಸಹಜ. ತುಂಡುಗಳು ತೋರಿಸಿದ್ದು ಇದನ್ನೇ.

ಸುಕ್ಕು ನೋಡಲು ಅಸಹ್ಯ ಅಷ್ಟೇ ಎಂದು ಬಿಡುವಂಥದ್ದಲ್ಲ. ಎಳೆದಾಗ ಸುಕ್ಕು ಸ್ವಲ್ಪ ನೆಟ್ಟಗಾಗಿ ಬಚಾವಾಗುತ್ತದೆ. ಅದುಮಿದಾಗ ಅಲ್ಲೇ ಮಡಚಿಕೊಳ್ಳುತ್ತದೆ. ನಾರು ಮಡಚಿ ಮುರಿಯುವ ಒತ್ತಡವನ್ನು ಅಂದಾಜಿಸುವ ಹಳೆಯ ಸೂತ್ರ ಹೀಗಿದೆ: ರಾಳದ ಶಿಯರ್ ಯೀಲ್ಡ್ ಒತ್ತಡವನ್ನು (ಪಕ್ಕಕ್ಕೆ ಜಾರಿಸುವ ಒತ್ತಿಗೆ ರಾಳ ಮಣಿಯುವ ಮಟ್ಟ), ನಾರಿನ ಓರೆ (ರೇಡಿಯನ್ ಲೆಕ್ಕದಲ್ಲಿ) ಮತ್ತು ಯೀಲ್ಡ್ ಆಗುವಾಗಿನ ಶಿಯರ್ ಸ್ಟ್ರೇನ್ (ಆಕಾರ ಬದಲಾದ ಪ್ರಮಾಣ) ಎರಡರ ಮೊತ್ತದಿಂದ ಭಾಗಿಸಬೇಕು. ಯೀಲ್ಡ್ ಒತ್ತಡ 60 ಮೆಗಾಪಾಸ್ಕಲ್, ಸ್ಟ್ರೇನ್ 0.012 ಎಂದಿಟ್ಟುಕೊಳ್ಳಿ. ಓರೆ 2 ಡಿಗ್ರಿ ಇದ್ದರೆ ಸುಮಾರು 1,280 ಮೆಗಾಪಾಸ್ಕಲ್ ಬರುತ್ತದೆ. 5 ಡಿಗ್ರಿಗೆ 600. 10 ಡಿಗ್ರಿಗೆ 320. ಮೇಲೆ ಹೇಳಿದ 380ಕ್ಕಿಂತ ಇದು ಕಡಿಮೆ. ಅಂದರೆ ಹತ್ತು ಡಿಗ್ರಿ ಓರೆಯ ಒಂದು ಸುಕ್ಕು ಕಾಗದದ ಮೇಲಿದ್ದ ಭದ್ರತೆಯನ್ನೆಲ್ಲ ಆ ಜಾಗದಲ್ಲಿ ತಿಂದುಹಾಕುತ್ತದೆ. ಸುತ್ತಲಿನ ಒಳ್ಳೆಯ ನಾರು ಹೊರೆ ಹಂಚಿಕೊಳ್ಳುವುದರಿಂದ ಕೂಡಲೇ ಕುಸಿಯುವುದಿಲ್ಲ. ಆದರೆ ಹೊರೆ ಪಕ್ಕದ ನಾರಿಗೆ ದಾಟುವುದು ರಾಳದ ಮೂಲಕ, ಪದರ ಬಿಡುವುದಕ್ಕೆ ಮೊದಲ ಬೀಜ ಬೀಳುವುದೂ ಅಲ್ಲೇ.

ಗಾಳಿಗುಳ್ಳೆಯ ಪಾಲೂ ಸಣ್ಣದಲ್ಲ. ಗುಳ್ಳೆಯ ಪ್ರಮಾಣ ಶೇ. 1 ಹೆಚ್ಚಿದಂತೆ ಪದರಗಳ ನಡುವಿನ ಶಿಯರ್ ಬಲ ಸುಮಾರು ಶೇ. 7ರಷ್ಟು ಇಳಿಯುತ್ತದೆ, ಈ ಕೈವಾಡಿಕೆಯ ಲೆಕ್ಕ ಶೇ. 4ರವರೆಗೂ ಸರಿಸುಮಾರು ಹೊಂದುತ್ತದೆ. ಅದಕ್ಕೇ ವಿಮಾನದ ಮುಖ್ಯ ಭಾಗಗಳಲ್ಲಿ ಶೇ. 1 ದಾಟಬಾರದೆಂದು ಹಿಡಿಯುವುದು ವಾಡಿಕೆ.

ಉಜ್ಜಿದಾಗ ಆದದ್ದು

ನಮ್ಮ ಮಟ್ಟಿಗೆ ಇಡೀ ಪ್ರಕರಣದ ಗಂಟು ಇರುವುದು ಇಲ್ಲಿ. ಪದರವೊಂದು ಕ್ಯೂರ್ ಆಗಿ ಹೊರಬಂದಾಗ ಮೇಲೆ ಸುಕ್ಕಿನ ಏಣು ಕಾಣಿಸುತ್ತದೆ. ಮುಂದಿನ ಪದರ ಸಮನಾಗಿ ಕೂರಬೇಕಲ್ಲ, ಏಣನ್ನು ಗ್ರೈಂಡರ್ ಹಿಡಿದು ಉಜ್ಜಿ ಮಟ್ಟ ಮಾಡಿದರು. ಮೇಲಿನಿಂದ ನೋಡಿದರೆ ಮೈ ನುಣುಪಾಯಿತು. ಅಡ್ಡಗೊಯ್ಲಿನಲ್ಲಿ ನೋಡಿದರೆ ಬೇರೆಯೇ ಕಥೆ. ಒಂದು ಮಿ.ಮೀ. ಎತ್ತರದ ಏಣು ಉಜ್ಜಿದರೆ ಐದು ಪ್ಲೈ ತುಂಡಾಗುತ್ತವೆ. ಸುತ್ತಳತೆಯುದ್ದಕ್ಕೂ ಹರಿದುಬರಬೇಕಿದ್ದ ನಾರು ಆ ಜಾಗದಲ್ಲಿ ಕತ್ತರಿಸಿ ಮೇಲ್ಮೈಯಲ್ಲಿ ತುದಿ ತೋರಿಸಿ ನಿಲ್ಲುತ್ತದೆ. ಅದು ಹೊತ್ತಿದ್ದ ಹೊರೆ ಈಗ ಅಂಟಿನೊಳಗೆ ಇಳಿದು, ಆಚೆ ಬದಿಯ ತುಂಡು ನಾರಿಗೆ ಶಿಯರ್ ಆಗಿ ದಾಟಬೇಕು. ಅಂಟಿನ ಹಾಳೆಯ ದಪ್ಪ ಕಾಲು ಮಿಲಿಮೀಟರಿನ ಆಸುಪಾಸು. ಉಜ್ಜಿದ ತಗ್ಗು ಅದಕ್ಕಿಂತ ಆಳವಾಗಿದ್ದರೆ ಅಂಟು ತುಂಬುವುದಿಲ್ಲ, ಗುಳ್ಳೆ ಉಳಿಯುತ್ತದೆ. ಕತ್ತರಿಸಿದ ನಾರು, ತೆಳು ಅಂಟು, ಗುಳ್ಳೆ: ಮೂರೂ ಒಂದೇ ಜಾಗದಲ್ಲಿ, ಒಡಲಿನ ಅತಿ ದುರ್ಬಲ ತಲದಲ್ಲಿ.

ಇಂಥ ಕಡೆ ಮಾಡಬೇಕಾದ್ದು ಬೇರೆ. ಏಣಿನ ಎತ್ತರ ಅಳೆಯಬೇಕು. ಎರಡು ಪ್ಲೈ ದಪ್ಪ ದಾಟಿದರೆ ಪದರವನ್ನೇ ತಿರಸ್ಕರಿಸುವ ಮಿತಿಯೊಂದು ಡ್ರಾಯಿಂಗ್‌ನಲ್ಲಿ ಮೊದಲೇ ಬರೆದಿರಬೇಕು. ಅಂಟಿಸುವ ಮೈಯನ್ನು ಪೀಲ್ ಪ್ಲೈ (ಕ್ಯೂರ್ ಆದ ಮೇಲೆ ಸುಲಿದುಬಿಡುವ ಬಟ್ಟೆ) ತೆಗೆದು ಹಗುರಾಗಿ ಒರಟು ಮಾಡಿ, ಸಾಲ್ವೆಂಟ್‌ನಲ್ಲಿ ಒರೆಸಿ, ನೀರು ಚಿಮುಕಿಸಿ ನೋಡಬೇಕು: ನೀರು ಹಾಳೆಯಂತೆ ಹರಡಿದರೆ ಮೈ ಶುದ್ಧ, ಹನಿಹನಿಯಾಗಿ ಕೂಡಿಕೊಂಡರೆ ಜಿಡ್ಡಿದೆ. ನೋಡಿದ ಮೇಲೆ ಚೆನ್ನಾಗಿ ಒಣಗಿಸಬೇಕು, ಎಪಾಕ್ಸಿ ಹೀರಿದ ತೇವ ಕ್ಯೂರ್ ಆಗುವಾಗ ಆವಿಯಾಗಿ ಅಂಟಿನಲ್ಲಿ ಗುಳ್ಳೆ ಎಬ್ಬಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಪ್ರತಿ ಪದರವಾದ ಮೇಲೆ ಅಲ್ಟ್ರಾಸೋನಿಕ್ ಸ್ಕ್ಯಾನ್. 127 ಮಿ.ಮೀ. ಗೋಡೆಯಲ್ಲಿ ವಿಮಾನದ ಭಾಗಗಳಿಗೆ ಬಳಸುವ 5 ಮೆಗಾಹರ್ಟ್ಸ್ ತರಂಗ ಒಳಗೇ ಸತ್ತುಹೋಗುತ್ತದೆ. ಅರ್ಧ ಮೆಗಾಹರ್ಟ್ಸ್‌ಗೆ ಇಳಿಸಿದರೆ ಆಳಕ್ಕೆ ಹೋಗುತ್ತದೆ, ಆದರೆ ತರಂಗದ ಉದ್ದ 0.6ರಿಂದ 6 ಮಿ.ಮೀ.ಗೆ ಬೆಳೆದು ಸಣ್ಣ ದೋಷ ಕಾಣದಂತಾಗುತ್ತದೆ. 25 ಮಿ.ಮೀ. ಇದ್ದಾಗ ಆ ಕಷ್ಟವಿಲ್ಲ. ಹಂತಹಂತವಾಗಿ ಮಾಡುವ ವಿಧಾನ ಐದು ಸಲ ಕೊಟ್ಟ ದೊಡ್ಡ ಅವಕಾಶ ಇದು. 2018ರಲ್ಲಿ, ಮೊದಲ ಒಡಲಿನ ಕಾಲಕ್ಕೆ, ಸಂಸ್ಥೆಯ ಸಾಗರ ಕಾರ್ಯಾಚರಣೆ ನಿರ್ದೇಶಕರಾಗಿದ್ದ ಡೇವಿಡ್ ಲಾಕ್ರಿಜ್ ಸ್ಕ್ಯಾನ್ ಮಾಡಿಸಬೇಕೆಂದು ಪಟ್ಟು ಹಿಡಿದಿದ್ದರು. ಇಷ್ಟು ದಪ್ಪದ ಒಡಲನ್ನು ಸ್ಕ್ಯಾನ್ ಮಾಡಲಾಗದೆಂಬ ಉತ್ತರ ಬಂತೆಂದು ನ್ಯಾಯಾಲಯಕ್ಕೆ ಸಲ್ಲಿಸಿದ ಕಾಗದಗಳಲ್ಲಿದೆ. ಅವರ ಕೆಲಸವೂ ಹೋಯಿತು.

ಒಂದು ಗಟ್ಟಿ ಗೋಡೆ ಹಲವು ತೆಳು ಗೋಡೆಯಾದರೆ

ಪದರ ಬಿಟ್ಟರೆ ನಾರಿನ ಬಲವೇನೂ ಕಡಿಮೆಯಾಗುವುದಿಲ್ಲ. ಹಾಗಾದರೆ ಅಪಾಯ ಎಲ್ಲಿ? ಬಾಗುವಿಕೆಯಲ್ಲಿ. ಹೊರಗಿನಿಂದ ಒತ್ತಿದ ಕೊಳವೆ ನಾರು ಮುರಿಯುವ ಮೊದಲೇ ಆಕಾರ ಕಳೆದುಕೊಂಡು ಚಪ್ಪಟೆಯಾಗಿ ಸಾಯಬಹುದು, ಅದನ್ನು ತಡೆಯುವ ಶಕ್ತಿ ದಪ್ಪದ ಘನಕ್ಕೆ ಅನುಗುಣ. ಸುತ್ತಳತೆ ದಿಕ್ಕಿನ ಮಾಡ್ಯುಲಸ್ (ವಸ್ತುವಿನ ಬಿಗಿತದ ಅಳತೆ) 95 ಗಿಗಾಪಾಸ್ಕಲ್ ಎಂದು ಅಂದಾಜು ಮಾಡಿ, ಉದ್ದ ಕೊಳವೆಯ ಸರಳ ಸೂತ್ರದಲ್ಲಿ ಹಾಕಿದರೆ ಐದಂಗುಲದ ಗಟ್ಟಿ ಗೋಡೆ ಮಣಿಯುವುದು ನೂರು ಮೆಗಾಪಾಸ್ಕಲ್‌ಗೂ ಮೇಲೆ. ಒಂದು ಪದರ ಪೂರ್ತಿ ಬಿಟ್ಟು ನಾಲ್ಕಂಗುಲ–ಒಂದಂಗುಲ ಆದರೆ ಉಳಿಯುವ ಬಿಗಿತ ಶೇ. 52: ನಾಲ್ಕರ ಘನ 64, ಒಂದರ ಘನ 1, ಕೂಡಿದರೆ 65, ಐದರ ಘನ 125. ಮೂರು–ಎರಡಾಗಿ ಬಿಟ್ಟರೆ 27 ಮತ್ತು 8 ಸೇರಿ 35, ಅಂದರೆ ಶೇ. 28, ಮಣಿಯುವ ಒತ್ತಡ 30 ಮೆಗಾಪಾಸ್ಕಲ್‌ನ ಹತ್ತಿರ. 3,350 ಮೀಟರ್ ಆಳದಲ್ಲಿ ಸಮುದ್ರ ಒತ್ತುವುದು 34. ಐದೂ ಬಿಡಿಬಿಡಿಯಾದರೆ ಉಳಿಯುವುದು ಇಪ್ಪತ್ತೈದರಲ್ಲಿ ಒಂದು ಪಾಲು.

ಇದು ಕೈಲೆಕ್ಕ. ನಿಜದ ಒಡಲು ಗಿಡ್ಡ, ತುದಿಗಳಲ್ಲಿ ಟೈಟಾನಿಯಂ ಬಳೆ ಹಿಡಿದುಕೊಂಡಿತ್ತು, ಪದರ ಬಿಟ್ಟದ್ದೂ ಎಲ್ಲೆಡೆ ಒಂದೇ ಸಮನಲ್ಲ. ಆದ್ದರಿಂದ ಇಡೀ ಕೊಳವೆ ಒಮ್ಮೆಗೇ ಚಪ್ಪಟೆಯಾಗುವ ಬದಲು ಬಿಟ್ಟ ಜಾಗದಲ್ಲಿ ಒಳಪದರ ಮೊದಲು ಒಳಕ್ಕೆ ಡೊಂಕಾಗುತ್ತದೆ. ಸಾರಿಗೆ ಸುರಕ್ಷತಾ ಮಂಡಳಿ ಕೊಟ್ಟ ತೀರ್ಮಾನವೂ ಅದೇ: ಪದರ ಬಿಟ್ಟ ಒಡಲು ಸ್ಥಳೀಯವಾಗಿ ಬಕಲ್ ಆಗಿ ಕುಸಿಯಿತು. ಸಮುದ್ರದ ತಳದಲ್ಲಿ ಸಿಕ್ಕ ಒಡಲಿನ ಚೂರುಗಳು ಅಂಟುಗೆರೆಗಳ ಬಳಿಯೇ ಸಿಪ್ಪೆಸಿಪ್ಪೆಯಾಗಿ ಬೇರೆಯಾಗಿದ್ದವು. ಪದರಗಳ ನಡುವೆ ಮೈಗೆ ಮೈ ಉಜ್ಜಿದ ಗುರುತುಗಳಿದ್ದವು. ಉಜ್ಜಬೇಕಾದರೆ ಮೊದಲು ಬಿಟ್ಟಿರಬೇಕು, ಆಮೇಲೆ ಹಲವು ಸಲ ಅಲುಗಾಡಿರಬೇಕು.

80ನೇ ಮುಳುಗಿನ ಸದ್ದು ಮೇಲೆ ಬರುವಾಗಲೇ ಏಕೆ ಆಯಿತೆಂಬುದಕ್ಕೆ ನಮ್ಮ ಓದು ಹೀಗಿದೆ. ಆಳದಲ್ಲಿ ನೀರು ಹೊರಗಿನಿಂದ ಅಮುಕಿ ಪದರಗಳನ್ನು ಒಂದಕ್ಕೊಂದು ಒತ್ತಿ ಹಿಡಿದಿರುತ್ತದೆ. ಅಂಟು ಹರಿದಿದ್ದರೂ ಆ ಒತ್ತು ಅದನ್ನು ಮುಚ್ಚಿಡುತ್ತದೆ. ಇನ್ನೊಂದು ಕಡೆ, ಕ್ಯೂರ್ ಆಗಿ ತಣಿಯುವಾಗ ದಪ್ಪದ ದಿಕ್ಕು ಕುಗ್ಗಲು ನೋಡುತ್ತದೆ (ಅಲ್ಲಿ ರಾಳದ್ದೇ ಕಾರುಬಾರು), ಸುತ್ತಳತೆಯ ದಿಕ್ಕಿನಲ್ಲಿ ನಾರು ಕುಗ್ಗಲು ಬಿಡುವುದಿಲ್ಲ. ಹಾಗಾಗಿ ದಪ್ಪ ಬಳೆಯೊಳಗೆ ಪದರಗಳನ್ನು ಅಗಲಿಸುವ ಎಳೆತವೊಂದು ಹುಟ್ಟಿನಿಂದಲೇ ಉಳಿದಿರುತ್ತದೆ. ನೀರಿನ ಒತ್ತು ಇಳಿದ ಕೂಡಲೇ ಆ ಎಳೆತಕ್ಕೆ ದಾರಿ ಬಿಟ್ಟಂತಾಗುತ್ತದೆ. ಮೇಲ್ಮೈಯಲ್ಲಿ ಕೇಳುವ ಸದ್ದು ತಳದಲ್ಲಿ ಕೇಳುವ ಸದ್ದಿಗಿಂತ ಕಡಿಮೆ ಗಂಭೀರವಲ್ಲ. ಪದರ ಬಿಡುವ ರೋಗಕ್ಕೆ ಅದೇ ತಕ್ಕ ಲಕ್ಷಣ.

ಆ ಚಳಿಗಾಲದಲ್ಲಿ ನೌಕೆಯನ್ನು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಸೇಂಟ್ ಜಾನ್ಸ್‌ನಲ್ಲಿ ಬಯಲಲ್ಲೇ ನಿಲ್ಲಿಸಿದ್ದರು. ಬಿಟ್ಟ ಪದರದೊಳಗೆ ಸೇರಿದ ನೀರು ಹೆಪ್ಪುಗಟ್ಟಿದರೆ ಶೇ. 9ರಷ್ಟು ಹಿಗ್ಗುತ್ತದೆ. ಕುಸಿತದಲ್ಲಿ ಇದರ ಪಾಲು ಎಷ್ಟೆಂದು ಅಳತೆ ಮಾಡಲಾಗದು, ಒಳ್ಳೆಯದಂತೂ ಆಗಿರಲಾರದು.

ಗೇಜು ಹೇಳಿದ್ದು

ಸಂಸ್ಥೆ ತನ್ನ ಒಡಲಿಗೆ ಸದ್ದು ಹಿಡಿಯುವ ಸಂವೇದಕಗಳನ್ನೂ ಒಡಲು ಎಷ್ಟು ಕುಗ್ಗಿತೆಂದು ಅಳೆಯುವ ಸ್ಟ್ರೇನ್ ಗೇಜುಗಳನ್ನೂ ಅಂಟಿಸಿತ್ತು. ಒಡಲು ಸೋಲುವ ಮೊದಲೇ ಇವು ಎಚ್ಚರಿಸುತ್ತವೆ, ಮೇಲೆ ಬರಲು ಹೊತ್ತು ಸಿಗುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ಕಾರ್ಯಾಚರಣೆ ನಿಂತಿತ್ತು. ಅದುಮೊತ್ತಡದಲ್ಲಿ ಬಕಲ್ ಆಗುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಗಿಯುತ್ತದೆ. ಆ ಹೊತ್ತಿಗೆ ಬರುವ ಎಚ್ಚರಿಕೆಯಿಂದ ಉಪಯೋಗವಿಲ್ಲ. ಆದರೆ ಒಂದು ಮುಳುಗಿಗೂ ಇನ್ನೊಂದು ಮುಳುಗಿಗೂ ನಡುವೆ ಕೂತು ಓದಿದರೆ ಇದೇ ಉಪಕರಣ ನಿಜವಾಗಿ ಜೀವ ಉಳಿಸಬಲ್ಲದು.

ಓದುವ ಬಗೆ ಕಷ್ಟದ್ದಲ್ಲ. 3,800 ಮೀಟರ್‌ನಲ್ಲಿ ಈ ಒಡಲಿನ ಸುತ್ತಳತೆಯ ಸ್ಟ್ರೇನ್ ಶೇ. 0.27ರ ಹತ್ತಿರ, ಒಳವ್ಯಾಸ ಮೂರೂವರೆ–ನಾಲ್ಕು ಮಿಲಿಮೀಟರ್ ಕಿರಿದಾಗುತ್ತದೆ. ಆಳವನ್ನು ಒಂದು ಅಕ್ಷಕ್ಕೆ, ಸ್ಟ್ರೇನನ್ನು ಇನ್ನೊಂದಕ್ಕೆ ಹಾಕಿ ಗೆರೆ ಎಳೆದರೆ ಬಹುಮಟ್ಟಿಗೆ ನೇರವಾಗಿ ಬರಬೇಕು. ತಳದಲ್ಲಿ ನೀರು ಕೆಲವೇ ಡಿಗ್ರಿ ಇರುವುದರಿಂದ ತಾಪದ ತಿದ್ದುಪಡಿ ಮಾಡಿಕೊಳ್ಳಬೇಕು. ಆಮೇಲೆ ಪ್ರತಿ ಗೇಜಿಗೂ ಎರಡೇ ಪ್ರಶ್ನೆ. ಮೇಲೆ ಬಂದ ಮೇಲೆ ಸೊನ್ನೆಗೆ ಮರಳಿತೇ? ಗೆರೆಯ ಇಳಿಜಾರು ಹಿಂದಿನ ಮುಳುಗಿನ ಗೆರೆಯ ಮೇಲೆಯೇ ಕೂತಿತೇ? ಎರಡರಲ್ಲಿ ಒಂದಕ್ಕೆ "ಇಲ್ಲ" ಎಂಬ ಉತ್ತರ ಬಂದರೂ ಹೊರೆ ಹರಿಯುವ ದಾರಿ ಬದಲಾಗಿದೆ ಎಂದೇ ಅರ್ಥ, ಕಾರಣ ಸಿಗುವವರೆಗೆ ನೌಕೆ ನೀರಿಗಿಳಿಯಬಾರದು.

80ನೇ ಮುಳುಗಿನವರೆಗೆ ಗೆರೆಗಳು ಒಂದರ ಮೇಲೊಂದು ಕೂರುತ್ತಿದ್ದವು. ಅದರ ನಂತರದ ಮುಳುಗುಗಳಲ್ಲಿ ಗೇಜುಗಳ ಓದು ಸರಿದುಬಿಟ್ಟಿತ್ತು. 82ನೇ ಮುಳುಗಿನ ನಂತರ ಇನ್ನಷ್ಟು ಹಾನಿ ಸೇರಿತೆಂದು ಮಂಡಳಿ ಗುರುತಿಸಿತು. ಸಂಸ್ಥೆ ತನ್ನದೇ ದತ್ತಾಂಶವನ್ನು ತಪ್ಪಾಗಿ ವಿಶ್ಲೇಷಿಸಿದ್ದರಿಂದ, 80ನೇ ಮುಳುಗಿನ ನಂತರ ಒಡಲನ್ನು ಕೆಲಸದಿಂದ ತೆಗೆಯಬೇಕಿತ್ತೆಂಬುದು ಅದಕ್ಕೆ ತಿಳಿಯಲೇ ಇಲ್ಲ ಎಂದೂ ವರದಿ ಹೇಳುತ್ತದೆ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ. ಹನ್ನೊಂದು ತಿಂಗಳು ಆ ಗೆರೆಗಳು ಕಂಪ್ಯೂಟರಿನಲ್ಲಿ ಬಿದ್ದಿದ್ದವು.

ಸದ್ದಿನ ಸಂವೇದಕಗಳಿಗೂ ಇಂಥದೇ ಒಂದು ಕಟ್ಟಳೆಯಿದೆ. ಆರೋಗ್ಯವಾಗಿರುವ ವಸ್ತು ಹಿಂದೆ ಹೊತ್ತ ಹೊರೆಯನ್ನು ಮತ್ತೆ ದಾಟುವವರೆಗೆ ಸದ್ದು ಮಾಡುವುದಿಲ್ಲ; ಇದಕ್ಕೆ ಕೈಸರ್ ಪರಿಣಾಮ ಎನ್ನುತ್ತಾರೆ. ಸದ್ದು ಶುರುವಾದ ಹೊರೆಯನ್ನು ಹಿಂದಿನ ಗರಿಷ್ಠ ಹೊರೆಯಿಂದ ಭಾಗಿಸಿದರೆ ಬರುವುದು ಫೆಲಿಸಿಟಿ ಅನುಪಾತ. ಅದು ಒಂದರ ಹತ್ತಿರ ಇದ್ದರೆ ಕ್ಷೇಮ. ಮುಳುಗಿನಿಂದ ಮುಳುಗಿಗೆ ಇಳಿಯುತ್ತಾ ಬಂದರೆ ಒಳಗೆ ಹಾನಿ ಬೆಳೆಯುತ್ತಿದೆ. ಸದ್ದುಗಳ ಎಣಿಕೆ ಕಡಿಮೆಯಾಯಿತು, ಒಡಲು "ಹದಕ್ಕೆ ಬಂತು" ಎಂದು ಸಮಾಧಾನಪಟ್ಟುಕೊಳ್ಳುವುದು ಈ ಕಟ್ಟಳೆಗೆ ವಿರುದ್ಧ. ಎಣಿಕೆಗಿಂತ ಸದ್ದು ಯಾವ ಆಳದಲ್ಲಿ ಶುರುವಾಯಿತೆಂಬುದು ಮುಖ್ಯ.

ಲೋಹದ ಗೋಳದ ಜೊತೆಗಿಟ್ಟು ನೋಡಿದರೆ

ನಮ್ಮ ದೇಶದ ಸಮುದ್ರಯಾನ ಯೋಜನೆಯಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕಟ್ಟುತ್ತಿರುವ ಮತ್ಸ್ಯ 6000 ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಬೇಕಾದ ನೌಕೆ. ಅದರ ಒಡಲು 2.1 ಮೀಟರ್ ವ್ಯಾಸದ, 80 ಮಿ.ಮೀ. ದಪ್ಪದ ಟೈಟಾನಿಯಂ ಮಿಶ್ರಲೋಹದ ಗೋಳ. ಗೋಳದಲ್ಲಿ ಒತ್ತಡ ಎಲ್ಲ ದಿಕ್ಕಿಗೂ ಸಮ, ಲೋಹದ ಬಲವೂ ಎಲ್ಲ ದಿಕ್ಕಿಗೂ ಸಮ, ಬೆಸುಗೆಯನ್ನು ಪರೀಕ್ಷಿಸುವ ಪದ್ಧತಿಗೆ ದಶಕಗಳ ಅನುಭವವಿದೆ. ಟೈಟನ್ ಕೊಳವೆ ಆಕಾರ ಆರಿಸಿಕೊಂಡದ್ದು ಐದು ಜನ ಕೂರಲೆಂದು. ಕೊಳವೆಯ ಸುತ್ತಳತೆಗೆ ಬರುವ ಒತ್ತಡ ಅದೇ ವ್ಯಾಸ, ಅದೇ ದಪ್ಪದ ಗೋಳದಲ್ಲಿ ಬರುವುದರ ಹೆಚ್ಚುಕಡಿಮೆ ಎರಡು ಪಟ್ಟು. ಆ ಹೆಚ್ಚುವರಿ ಹೊರೆಯನ್ನು ಲೋಹದ ಭಾರವಿಲ್ಲದೆ ಹೊರಲು ಕಾರ್ಬನ್ ಬೇಕಾಯಿತು, ಕಾರ್ಬನ್ನಿನ ದಪ್ಪ ಐದು ಪದರ ಕೇಳಿತು, ಐದು ಪದರ ನಾಲ್ಕು ಅಂಟುಗೆರೆ ತಂದಿತು.

ಆ ಗೆರೆಗಳಲ್ಲಿ ಮೊದಲನೆಯದು ಒಳಮೈಯಿಂದ ಬರೀ 25 ಮಿ.ಮೀ. ಒಳಗಿತ್ತು. 2022ರ ಜುಲೈ 16ರ ಬೆಳಿಗ್ಗೆ ಒಳಗಿನ ಹೊದಿಕೆ ಬಿಚ್ಚಿ, ಸುತ್ತಳತೆ–ಉದ್ದ ಎರಡಕ್ಕೂ 50 ಮಿ.ಮೀ. ಅಂತರದಲ್ಲಿ ಸೀಸಕಡ್ಡಿಯಿಂದ ಚೌಕುಳಿ ಎಳೆದು, ಕೈಯಲ್ಲಿ ಹಿಡಿಯುವ ಅಲ್ಟ್ರಾಸೋನಿಕ್ ಯಂತ್ರಕ್ಕೆ 1 ಮೆಗಾಹರ್ಟ್ಸ್ ಪ್ರೋಬ್ ಹಾಕಿ ಚೌಕದಿಂದ ಚೌಕಕ್ಕೆ ಇಟ್ಟು ನೋಡಬಹುದಿತ್ತು. ಕಾರ್ಬನ್–ಎಪಾಕ್ಸಿಯ ದಪ್ಪದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 3,000 ಮೀಟರ್. ಮೊದಲ ಅಂಟುಗೆರೆ ಬಿಟ್ಟಿದ್ದರೆ 17 ಮೈಕ್ರೋಸೆಕೆಂಡಿನ ಹತ್ತಿರ ಎತ್ತರದ ಪ್ರತಿಧ್ವನಿಯೊಂದು ಎದ್ದು, ಅದರಾಚೆ ಪರದೆ ಖಾಲಿಯಾಗುತ್ತಿತ್ತು. ಹನ್ನೊಂದು ಚದರ ಮೀಟರಿನ ಒಳಮೈ, ಸುಮಾರು ನಾಲ್ಕೂವರೆ ಸಾವಿರ ಚೌಕ. ಇಬ್ಬರು ತಂತ್ರಜ್ಞರಿಗೆ ಮೂರ್ನಾಲ್ಕು ದಿನದ ಕೆಲಸ.